ಮತ್ತಿಮರದ ಹುಲಿಜೇಡ

ಬೀಚನಹಳ್ಳಿ ಅಣೆಕಟ್ಟೆ ಕ್ಯಾಂಪ್
12 ನವೆಂಬರ್ 1972

ಸಾಲಿಗ್ರಾಮದ ನಿವೃತ್ತ ಉಪಾಧ್ಯಾಯರು ಸಿದ್ದಮಲ್ಲಪ್ಪನವರಿಗೆ,

ನಾನು ಯಾರೆಂದು ನಿಮಗೆ ತಿಳಿಯದು. ಇಲ್ಲಿನ ಡಿಸ್ಪೆನ್ಸರಿಯಲ್ಲಿ ನರ್ಸಾಗಿದ್ದೇನೆ. ಹೆಸರು ಚಾಮುಂಡಮ್ಮ, ಊರು ಬಿಳಿಕೆರೆ. ಮಾತ್ರೆ ಕಟ್ಟಿಕೊಡಲು ಇಟ್ಟಿದ್ದ ಹಳೆಯ ವಾರಪತ್ರಿಕೆಯೊಂದರಲ್ಲಿ ಚೇಳು, ಜರಿ, ಜೇಡಗಳ ವಿಷದ ಬಗ್ಗೆ ನೀವು ಬರೆದ ಲೇಖನ ಸಿಕ್ಕಿತು. ಕೆಳಗೆ ನಿಮ್ಮ ಹೆಸರೂ ಊರೂ ಇದ್ದವು. ಅದನ್ನೇ ನಂಬಿ ಬರೆಯುತ್ತಿದ್ದೇನೆ.

ಕಟ್ಟೆ ಮುಗಿದ ಮೇಲೆ ಮುಳುಗಲಿರುವ ಕಾಡನ್ನು ಈಗ ಕಡಿಯುತ್ತಿದ್ದಾರೆ. ನಿನ್ನೆ ಚೆನ್ನ ಎಂಬ ಕೂಲಿಯವನು, ಇಲ್ಲೇ ಕಾಡುಜನರ ಕೇರಿ ಹಾಡಿಯ ಜೇನುಕುರುಬ, ಉರುಳಿದ ಮರದ ಪೊಟರೆಗೆ ಕೈಯಿಟ್ಟು ದಿಮ್ಮಿ ಎಳೆಯಲು ಹೋದಾಗ ಒಂದು ಜೇಡ ಕಚ್ಚಿತು. ಕಾಲು ಚಾಚಿದರೆ ನನ್ನ ಅಂಗೈ ಮುಚ್ಚಿ ಇನ್ನೂ ಮಿಕ್ಕುವಷ್ಟು ದೊಡ್ಡದು. ಇಲ್ಲಿಯವರು ಅದನ್ನು ಹುಲಿಜೇಡ ಅನ್ನುತ್ತಾರೆ. ಕೈ ಅಷ್ಟೇನೂ ಊದಿಲ್ಲ. ಆದರೆ ಮೀನಖಂಡ, ತೊಡೆ, ಬೆನ್ನು ಒಂದೊಂದಾಗಿ ಹಿಡಿದುಕೊಳ್ಳುತ್ತಿವೆ. ಹೊಟ್ಟೆ ಹಲಗೆಯಂತಾಗಿದೆ. ಡಾಕ್ಟರು ತಾಲ್ಲೂಕು ಊರಾದ ಕೋಟೆಯಿಂದ ಬರುವುದು ವಾರಕ್ಕೊಮ್ಮೆ. ನಾನು ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟೆ. ಸ್ವಲ್ಪ ಹೊತ್ತು ಸಡಿಲುತ್ತದೆ, ಮತ್ತೆ ಹಿಡಿಯುತ್ತದೆ.

ಅವನ ಹೆಂಡತಿ ಕಾಳಿ ಬಾಗಿಲಲ್ಲೇ ಕೂತಿದ್ದಾಳೆ. ಅಳುವುದಿಲ್ಲ. "ಉಳೀತಾನಾ, ಉಳಿಯಕಿಲ್ವಾ, ಅದೊಂದು ಯೋಳವ್ವ" ಎಂದು ಕೇಳಿದಳು. ಉಳಿದ ಆಳುಗಳು ಕೊಡಲಿ ಕೆಳಗಿಟ್ಟು, ಕಂಡ ಕಂಡ ಪೊಟರೆಗೆಲ್ಲ ಸೀಮೆಎಣ್ಣೆ ಬಟ್ಟೆ ತುರುಕಿ ಬೆಂಕಿ ಹಚ್ಚುತ್ತಿದ್ದಾರೆ.

ಈ ಕಾಗದವನ್ನು ಬಸ್ಸಿನ ಡ್ರೈವರನ ಕೈಲಿ ಕೊಟ್ಟಿದ್ದೇನೆ. ನಿಮಗೆ ತಿಳಿದದ್ದನ್ನು ದಯವಿಟ್ಟು ತಿಳಿಸಿ.

ಚಾಮುಂಡಮ್ಮ

*

ಸಾಲಿಗ್ರಾಮ
14 ನವೆಂಬರ್ 1972

ಚಾಮುಂಡಮ್ಮನವರಿಗೆ,

ಚೆನ್ನ ಸಾಯುವುದಿಲ್ಲ. ಇದನ್ನು ಮೊದಲು ಅವನ ಹೆಂಡತಿಗೆ ಹೇಳಿ ಬಂದು, ಆಮೇಲೆ ಉಳಿದದ್ದನ್ನು ಓದಿ.

ನಾನು ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದಾಗ ಅಲ್ಲಿನ ಮರದ ಡಿಪೋದ ಕಾವಲುಗಾರನಿಗೆ ಇಂಥದೇ ಜೇಡ ಕಚ್ಚಿತ್ತು. ಒಂದು ತಿಂಗಳ ಕಾಲ ಸ್ನಾಯುಗಳು ಹಿಡಿಯುತ್ತಲೂ ಬಿಡುತ್ತಲೂ ಇದ್ದವು. ವಾಸಿಯಾಯಿತು ಎಂದುಕೊಂಡ ಮೇಲೂ ಮರಳಿ ಬಂತು. ಕೊನೆಗೆ ಪೂರ್ತಿ ಹೋಯಿತು. ಆತ ಆಮೇಲೆ ಮದುವೆಯಾಗಿ ಮಕ್ಕಳನ್ನು ಕಂಡ. ನಾನು ವೈದ್ಯನಲ್ಲ, ಆದರೂ ನೀವು ಮಾಡುತ್ತಿರುವುದು ಸರಿ ಎಂದೇ ನನ್ನ ಎಣಿಕೆ. ಬೆಚ್ಚಗಿಡಿ. ಗಾಯವನ್ನು ಕೊಯ್ಯಲು ಯಾರಿಗೂ ಬಿಡಬೇಡಿ.

ಆಳುಗಳು ಪೊಟರೆಗೆ ಕೈಹಾಕುವ ಬದಲು ಕಬ್ಬಿಣದ ಕೊಕ್ಕೆ ಬಳಸಲಿ, ತೋಳಿಗೆ ಗೋಣಿ ಸುತ್ತಿಕೊಳ್ಳಲಿ. ಬೆಂಕಿ ಹಚ್ಚಿದರೆ ದಿಮ್ಮಿ ಒಳಗೇ ಸೀಳುತ್ತದೆ ಎಂದು ಮೇಸ್ತ್ರಿಗೆ ಹೇಳಿ. ಜೇಡದ ಮೇಲೆ ಕರುಣೆ ಇಲ್ಲದಿದ್ದರೂ ದಿಮ್ಮಿಯ ಮೇಲೆ ಅವನಿಗೆ ಇದ್ದೇ ಇರುತ್ತದೆ.

ಇನ್ನು ನನ್ನ ಸ್ವಾರ್ಥ. ಮನೆಯ ಜೇಡದ ಹಲ್ಲುಗಳು ಇಕ್ಕಳದಂತೆ ಅಕ್ಕಪಕ್ಕದಿಂದ ಕೂಡುತ್ತವೆ. ಇದರ ಹಲ್ಲುಗಳು ಎರಡು ಗುದ್ದಲಿಗಳನ್ನು ಒಟ್ಟಿಗೆ ಎತ್ತಿ ಇಳಿಸಿದಂತೆ ಮೇಲಿನಿಂದ ಬೀಳುತ್ತವೆ. ಜೇಡಗಳಲ್ಲಿ ಬಹಳ ಹಳೆಯ ಕುಲ ಇದು. ದಟ್ಟ ಕಾಡಿನಲ್ಲಿ ಮಾತ್ರ, ಅದರಲ್ಲೂ ಮುದಿಮರದ ಪೊಟರೆಯಲ್ಲಿ ಮಾತ್ರ ಬಾಳುತ್ತದೆ. ಬೇಟೆಗೆ ಬಲೆ ನೇಯುವುದಿಲ್ಲ. ನಾನು ಕಂಡಿರುವುದೆಲ್ಲ ಶಾಲೆಯ ಸೀಸೆಯಲ್ಲಿ ಕಾಲು ಮಡಚಿಕೊಂಡು ಸತ್ತಿದ್ದ ಒಂದನ್ನು ಮಾತ್ರ. ಕಚ್ಚುವ ಮೊದಲು ಅದು ಮುಂಗಾಲುಗಳನ್ನು ಎತ್ತಿತೇ? ಅವುಗಳ ಅಡಿ ಅರಿಸಿನದ ಬಣ್ಣವಿತ್ತೇ? ಚೆನ್ನ ಸುಧಾರಿಸಿಕೊಂಡ ಮೇಲೆ ಕೇಳಿ ಬರೆಯಿರಿ.

ಸಿದ್ದಮಲ್ಲಪ್ಪ

*

ಬೀಚನಹಳ್ಳಿ ಕ್ಯಾಂಪ್
20 ಡಿಸೆಂಬರ್ 1972

ಮೇಷ್ಟ್ರಿಗೆ ನಮಸ್ಕಾರ.

ಚೆನ್ನ ಎದ್ದು ಓಡಾಡುತ್ತಿದ್ದಾನೆ. ನೀವು ಹೇಳಿದಂತೆಯೇ ಸ್ನಾಯುಗಳ ಹಿಡಿತ ಎರಡು ಸಲ ಹೋಗಿ ಬಂತು. ನಿಮ್ಮ ಕಾಗದದ ಮೊದಲ ಸಾಲನ್ನು ಕಾಳಿಗೆ ಓದಿ ಹೇಳಿದಾಗ ಅವಳು ಅಲ್ಲೇ ಬಾಗಿಲಿಗೆ ಒರಗಿ ನಿದ್ದೆ ಹೋದಳು. ಮೇಸ್ತ್ರಿ ಬೆಂಕಿ ನಿಲ್ಲಿಸಿದ. ದಿಮ್ಮಿಯ ಮಾತು ಕೇಳಿದ ಕೂಡಲೇ ನಿಲ್ಲಿಸಿದ.

ಹೌದು, ಮುಂಗಾಲಿನಡಿ ಅರಿಸಿನ ಬಣ್ಣವೇ, ನಡುವೆ ಕಪ್ಪು ಪಟ್ಟೆ. ಇದು ಚೆನ್ನನ ಮಾತಷ್ಟೇ ಅಲ್ಲ, ನಾನೇ ಕಂಡೆ. ಹಾಡಿಯ ಅಂಚಿನಲ್ಲಿ ಒಂದು ದೊಡ್ಡ ಮತ್ತಿಮರವಿದೆ. ಒಳಗೆಲ್ಲ ಟೊಳ್ಳಾಗಿರುವುದರಿಂದ ಯಾರಿಗೂ ಬೇಡವೆಂದು ಕಡಿಯದೆ ಬಿಟ್ಟಿದ್ದಾರೆ. ಅದರ ಕೆಳಗಿನ ಕೊಂಬೆಯಲ್ಲಿ ಒಂದು ಗಂಟು ಉದುರಿ ಆದ ತೂತು, ಬಾಯಿಗೆ ಬಿಳಿಯ ರೇಷ್ಮೆಯ ಪರದೆ. ದೀಪ ಹಚ್ಚುವ ಹೊತ್ತಿಗೆ ಅಲ್ಲಿ ನಿಂತಿದ್ದೆ. ಮೊದಲು ಏನೂ ಇರಲಿಲ್ಲ. ಆಮೇಲೆ ತೊಗಟೆಯೇ ಒಂದು ಹೆಜ್ಜೆ ಮುಂದಿಟ್ಟಂತಾಯಿತು. ಮೇಷ್ಟ್ರೇ, ನನಗೆ ಭಯವಾಗಬೇಕಿತ್ತು. ಒಬ್ಬ ಮನುಷ್ಯನನ್ನು ಅದು ಏನು ಮಾಡಿತ್ತೆಂದು ಹತ್ತಿರದಿಂದ ಕಂಡವಳು ನಾನು. ಆದರೆ ಉಸಿರು ಬಿಟ್ಟರೆ ಎಲ್ಲಿ ಒಳಗೆ ಹೋಗಿಬಿಡುತ್ತದೋ ಎಂಬುದಷ್ಟೇ ಆಗ ನನ್ನ ಯೋಚನೆಯಾಗಿತ್ತು.

ನಿಮ್ಮ ಅಕ್ಷರ ಎಷ್ಟು ದುಂಡಗಿದೆ. ಈ ವಯಸ್ಸಿನಲ್ಲಿ ಅಷ್ಟು ಸ್ಥಿರವಾದ ಕೈ ಇರುವುದು ಭಾಗ್ಯ.

ಚಾಮುಂಡಮ್ಮ

*

ಸಾಲಿಗ್ರಾಮ
2 ಜನವರಿ 1973

ಚಾಮುಂಡಮ್ಮನವರಿಗೆ,

ನಿಮ್ಮ ಕಾಗದವನ್ನು ಈ ಮನೆಯಲ್ಲಿ ಮತ್ತೆ ಮತ್ತೆ ಓದಿದ್ದಾಯಿತು. ತೊಗಟೆಯೇ ಹೆಜ್ಜೆ ಮುಂದಿಟ್ಟಿತು ಎಂದಿರಿ. ಯಾವ ಕಾಲನ್ನು ಮೊದಲು ಇಟ್ಟಿತು? ಇಟ್ಟ ಕಾಲನ್ನು ಊರಿತೇ, ಮೊದಲು ತಟ್ಟಿ ನೋಡಿತೇ? ಬೆನ್ನಿನ ಮೇಲಿನ ಗೆರೆಗಳು ಎಲೆಯ ನರಗಳಂತಿವೆಯೇ? ರೋಮ ಒರಟೋ, ಮಖಮಲ್ಲಿನಂತೆಯೋ? ಬೇಟೆ ಸಿಕ್ಕಾಗ ಹಾರುತ್ತದೋ, ನುಗ್ಗುತ್ತದೋ? ನಿಧಾನವಾಗಿ, ಏನನ್ನೂ ಬಿಡದೆ ಬರೆಯಿರಿ. ಸಣ್ಣದೆಂದು ನಿಮಗೆ ತೋರುವುದನ್ನು ಮೊದಲು ಬರೆಯಿರಿ.

ಸಿದ್ದಮಲ್ಲಪ್ಪ

*

ಬೀಚನಹಳ್ಳಿ ಕ್ಯಾಂಪ್
17 ಜೂನ್ 1973

ಮೇಷ್ಟ್ರೇ,

ಇಷ್ಟು ದಿನ ಬರೆಯದಿದ್ದಕ್ಕೆ ಕ್ಯಾಂಪಿನಲ್ಲಿ ಎದ್ದ ವಾಂತಿಭೇದಿ ಕಾರಣ. ಆದರೂ ಬಿಡುವಾದ ಸಂಜೆಗಳಲ್ಲಿ ಮತ್ತಿಮರಕ್ಕೆ ಹೋಗುವುದನ್ನು ಬಿಡಲಿಲ್ಲ. ನೀವು ನನಗೆ ಪರೀಕ್ಷೆ ಕೊಡುತ್ತಿದ್ದೀರೆಂದು ಗೊತ್ತು. ಉತ್ತರ ನಿಮಗೆ ತಿಳಿದೇ ಇರುತ್ತದೆ. ಇರಲಿ, ಬರೆಯುತ್ತೇನೆ.

ಅದು ಕಾಲನ್ನು ಊರುವ ಮೊದಲು ತುದಿಯಿಂದ ತಟ್ಟುತ್ತದೆ. ಸೂತಕದ ಮನೆಯ ಬಾಗಿಲು ತಟ್ಟುವವರ ಹಾಗೆ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. ಬೆನ್ನಿನ ಮೇಲೆ ಬೂದಿ, ಕಂದು, ಬಿಳುಪು ಬಣ್ಣಗಳು ಕಲ್ಲುಹೂವು ಹಿಡಿದ ಮರದಂತೆ ಬೆರೆತಿವೆ. ಮಳೆಹುಳ ಏಳುವ ಸಂಜೆ ಒಂದು ದೊಡ್ಡ ಜಿರಲೆ ಕೊಂಬೆಯ ಮೇಲೆ ಬಂತು. ಹುಲಿಜೇಡ ಕದಲಲಿಲ್ಲ. ಜಿರಲೆ ಹತ್ತಿರ ಬಂದಿತು. ಆಮೇಲೆ ಜಿರಲೆ ಅದರ ಬಾಯಲ್ಲಿತ್ತು. ನಡುವೆ ಏನಾಯಿತೆಂದು ನನ್ನ ಕಣ್ಣಿಗೆ ಸಿಗಲಿಲ್ಲ. ಕಣ್ಣು ಮಿಟುಕಿಸಿದ್ದೆನೋ ಏನೋ. ಅಷ್ಟು ಹೊತ್ತು ಕಾದು, ಅಷ್ಟು ಬೇಗ ಮುಗಿಸುವ ಪ್ರಾಣಿಯನ್ನು ನಾನು ಬೇರೆ ಕಂಡಿಲ್ಲ.

ಕಾಳಿಗೆ ಇದು ಹಿಡಿಸದು. "ನನ್ ಗಂಡನ್ನ ಕೆಡವಿದ್ದು ಅದು. ಅದರ ಮುಂದೆ ಕೈ ಮುಗ್ದಂಗೆ ನಿಂತ್ಕತೀಯಲ್ಲವ್ವ" ಅನ್ನುತ್ತಾಳೆ. ಆದರೆ ಹಾಗೆ ಹೇಳಿ ತಾನೂ ಪಕ್ಕದಲ್ಲಿ ನಿಲ್ಲುತ್ತಾಳೆ.

ಇದರೊಂದಿಗೆ ನಾನೇ ಬರೆದ ಚಿತ್ರ ಇಟ್ಟಿದ್ದೇನೆ. ಅದಕ್ಕೆ ಬಹಳ ಸಂಜೆಗಳು ಹಿಡಿದವು. ತಪ್ಪಿದ್ದರೆ ತಿದ್ದಿ ಕಳಿಸಿ.

ಚಾಮುಂಡಮ್ಮ

*

ಸಾಲಿಗ್ರಾಮ
1 ಜುಲೈ 1973

ಚಾಮುಂಡಮ್ಮನವರಿಗೆ,

ಬಾಗಿಲು ತಟ್ಟುವವರ ಹಾಗೆ! ಮೂವತ್ತು ವರ್ಷ ಪಾಠ ಹೇಳಿದ ನನಗೆ ಇಂಥ ಒಂದು ಮಾತು ಹೊಳೆದಿರಲಿಲ್ಲ. ಚಿತ್ರ ತಲುಪಿತು. ಚಿತ್ರಕ್ಕಿಂತ ನಿಮ್ಮ ಮಾತೇ ಮೇಲು. ಇನ್ನು ಮುಂದೆ ಚಿತ್ರಕ್ಕಾಗಿ ಕಾಲ ಕಳೆಯಬೇಡಿ, ಬರೆಯಿರಿ.

ಇವು ಬಹುಕಾಲ ಬದುಕುತ್ತವೆ. ಹೆಣ್ಣಾದರೆ ಹತ್ತು ವರ್ಷ ಮೀರಿಯೂ ಒಂದೇ ಪೊಟರೆಯಲ್ಲಿ ಇದ್ದೀತು. ನಿಮ್ಮದು ಹೆಣ್ಣೇ ಇರಬೇಕು.

ಸಿದ್ದಮಲ್ಲಪ್ಪ

*

ಬೀಚನಹಳ್ಳಿ ಕ್ಯಾಂಪ್
24 ಫೆಬ್ರವರಿ 1974

ಮೇಷ್ಟ್ರಿಗೆ,

ನೀವು ಬೇಡವೆಂದ ಮೇಲೆ ನಾನು ಚಿತ್ರ ಬರೆದಿಲ್ಲ.

ನಿಮ್ಮ ಊಹೆ ನಿಜ, ಅದು ಹೆಣ್ಣು. ಈಗ ಮರಿಗಳಿವೆ. ಹೆಸರುಕಾಳಿಗಿಂತ ಸ್ವಲ್ಪ ದೊಡ್ಡವು. ಹೊರಗೆ ಹೋಗದೆ ತಾಯಿಯ ಪಕ್ಕದಲ್ಲೇ ಗುಂಪುಗೂಡಿರುತ್ತವೆ. ಅವುಗಳ ಮೇಲೆ ಕಾಲಿಡದಂತೆ ಅಷ್ಟು ದೊಡ್ಡ ತಾಯಿ ನಡೆದು ಬರುವುದನ್ನು ನೋಡಬೇಕು. ಕಾಳಿಯೂ ನೋಡಿದಳು. ಈಗ ಅದನ್ನು ಬೈಯುವುದಿಲ್ಲ.

ಈ ಮಳೆಗಾಲಕ್ಕೆ ನೀರು ನಿಲ್ಲಿಸುತ್ತಾರಂತೆ. ಹಾಡಿಯವರಿಗೆ ಮೇಲಿನ ದಿಣ್ಣೆಯಲ್ಲಿ ಜಾಗ ತೋರಿಸಿದ್ದಾರೆ. ಬೇಸಿಗೆಯಲ್ಲಿ ಲಾರಿ ಬರುತ್ತದೆ. ಮತ್ತಿಮರ ಎಲ್ಲಿಗೂ ಹೋಗುವುದಿಲ್ಲ, ಮುಳುಗುತ್ತದೆ. ನಾನು ಆ ಕೊಂಬೆಯನ್ನು ಪೊಟರೆ ಸಮೇತ ಕುಯ್ಯಿಸಿ, ಎರಡೂ ಕಡೆ ಗೋಣಿ ತುರುಕಿ, ಮೇಲಿನ ಕಾಡಿಗೆ ಒಯ್ಯಬೇಕೆಂದಿದ್ದೇನೆ. ಹೇಳಿದ್ದು ಚೆನ್ನನೇ. "ಲಾರಿ ತುಂಬ ನಮ್ ಸಾಮಾನು ಏನೈತೆ? ಒಂದು ಕೊಂಬೆಗೆ ಜಾಗ ಇಲ್ವಾ" ಅಂದ. ಹೇಗೆ ಮಾಡಬೇಕು, ಹೇಳಿ.

ಚಾಮುಂಡಮ್ಮ

*

ಸಾಲಿಗ್ರಾಮ
3 ಮಾರ್ಚ್ 1974

ಚಾಮುಂಡಮ್ಮನವರಿಗೆ,

ಕೂಡದು. ಮರಿಗಳಿರುವ ತಾಯಿ ಹೆದರಿ ಹಿಂಜರಿಯುವುದಿಲ್ಲ, ಮೇಲೆ ಬೀಳುತ್ತದೆ. ಚೆನ್ನ ಒಮ್ಮೆ ಬದುಕಿದ ಎಂದು ಇನ್ನೊಮ್ಮೆ ಅವನನ್ನು ಅದರ ಕೆಳಗೆ ನಿಲ್ಲಿಸುವಿರಾ? ನೀವು ನರ್ಸು. ಒಂದೆರಡು ವರ್ಷ ಸಂಜೆ ಹೊತ್ತು ನೋಡಿದ ಮಾತ್ರಕ್ಕೆ ಕೈಹಾಕುವ ಅಧಿಕಾರ ಬರುವುದಿಲ್ಲ. ನೀರು ಏರುವಾಗ ಅವು ಮರ ಹತ್ತುತ್ತವೆ. ಉಳಿದರೆ ಉಳಿದವು. ಈ ವಿಷಯ ಇಲ್ಲಿಗೆ ಬಿಡಿ.

ಸಿದ್ದಮಲ್ಲಪ್ಪ

*

ಕ್ಯಾಂಪ್
28 ಏಪ್ರಿಲ್ 1974

ಮೇಷ್ಟ್ರಿಗೆ,

ಹಾಡಿ ಸ್ಥಳಾಂತರವಾಯಿತು. ಕೊಂಬೆಯೂ ಹೋಯಿತು. ಹೊಸ ಮರಕ್ಕೆ ಕಟ್ಟಿದ್ದೇವೆ. ತಾಯಿ, ಮರಿ ಕ್ಷೇಮ. ಹೆಚ್ಚು ಬರೆಯಲಾರೆ.

ಚಾ.

*

ಸಾಲಿಗ್ರಾಮ
6 ಮೇ 1974

ಚಾಮುಂಡಮ್ಮನವರಿಗೆ,

ನಿಮ್ಮ ಕಾಗದ ಬಂತು. ಇಷ್ಟು ಕಾಲ ಪುಟ ತುಂಬ ಬರೆದವರು ನಾಲ್ಕು ಮಾತು ಬರೆದಿದ್ದೀರಿ. ಹೆಚ್ಚು ಬರೆಯಲಾರೆ ಎಂದಿದ್ದೀರಿ. ನನ್ನ ಮೇಲೆ ಕೋಪ ಬಂದಿದ್ದರೆ ಅದು ಸರಿಯೇ. ಅಧಿಕಾರದ ಮಾತನ್ನು ನಾನು ಆಡಬಾರದಿತ್ತು. ನೀವು ಹೇಗೆ ಕುಯ್ಯಿಸಿದಿರಿ, ಹೇಗೆ ಒಯ್ದಿರಿ, ಲಾರಿಯ ಕುಲುಕಿಗೆ ಮರಿಗಳು ಏನು ಮಾಡಿದವು, ಎಲ್ಲವನ್ನೂ ತಿಳಿಯಲು ಕಾದಿದ್ದೇನೆ.

ಸಿದ್ದಮಲ್ಲಪ್ಪ

*

ಸಾಲಿಗ್ರಾಮ
19 ಜೂನ್ 1974

ಚಾಮುಂಡಮ್ಮನವರಿಗೆ,

ಉತ್ತರವಿಲ್ಲ. ಟಪಾಲಿನವನ ಸೈಕಲ್ಲು ಬೀದಿಯಲ್ಲಿ ನಿಂತಾಗಲೆಲ್ಲ ನಮ್ಮ ಮನೆಗೇ ಎಂದುಕೊಳ್ಳುತ್ತೇನೆ. ಪತ್ರವ್ಯವಹಾರ ನಿಲ್ಲಿಸುವುದು ನಿಮ್ಮ ಇಷ್ಟ. ಆದರೆ ಒಂದು ಮಾತು ತಿಳಿದಿರಲಿ. ಈ ಒಂದೂವರೆ ವರ್ಷದಲ್ಲಿ ನೀವು ಬರೆದದ್ದು, ನಾನು ಜೀವಮಾನದಲ್ಲಿ ಓದಿದ ಪುಸ್ತಕಗಳಿಗಿಂತ ಹೆಚ್ಚಿನದನ್ನು ನನಗೆ ಕೊಟ್ಟಿದೆ. ಮೇಷ್ಟ್ರ ಗತ್ತು ಅದನ್ನು ಮೊದಲೇ ಹೇಳಗೊಡಲಿಲ್ಲ.

ಸಿದ್ದಮಲ್ಲಪ್ಪ

ಅಕ್ಕಾ, ಇಲ್ಲಿಂದ ಕೆಳಗೆ ನಾನು, ಈ ಮನೆಯ ಸೊಸೆ ಭದ್ರಮ್ಮ, ಮಾವನವರಿಗೆ ಹೇಳದೆ ಬರೆಯುತ್ತಿದ್ದೇನೆ. ಅವರಿಗೆ ಕಣ್ಣು ಕಾಣುವುದಿಲ್ಲ. ನೀವು ಮೊದಲ ಕಾಗದ ಹಾಕುವ ಹಿಂದಿನ ವರ್ಷವೇ ಪೂರ್ತಿ ಹೋಗಿತ್ತು. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ನಿಮ್ಮದನ್ನು ನಾನೇ ಓದಿ ಹೇಳುತ್ತೇನೆ. ನಿಮ್ಮ ಚಿತ್ರದ ಗೆರೆಗಳ ಮೇಲೆ ನಾನು ಅವರ ಬೆರಳಿಟ್ಟು ತೋರಿಸಲು ನೋಡಿದೆ. ಕಾಗದ ಬರೀ ನುಣುಪಾಗಿದೆಯಲ್ಲಮ್ಮ ಎಂದರು. ಅದು ಈಗಲೂ ಅವರ ದಿಂಬಿನಡಿ ಇದೆ. ಏಪ್ರಿಲ್ಲಿನ ಕಾಗದದಲ್ಲಿ ನಿಮ್ಮ ಅಕ್ಷರ ಬೇರೆಯೇ ಇತ್ತು, ಎಳೆಯ ಮಕ್ಕಳು ಬರೆದಂತೆ. ಓದುವವಳು ನಾನಾದ್ದರಿಂದ ಅದು ಅವರಿಗೆ ಗೊತ್ತಾಗಲಿಲ್ಲ. ಹೇಳಿದರೆ ಹೆದರಿಯಾರೆಂದು ನಾನೂ ಸುಮ್ಮನಿದ್ದೆ. ನಿಮಗೆ ಏನಾಯಿತು? ನನ್ನ ಹೆಸರಿಗಾದರೂ ಎರಡು ಸಾಲು ಹಾಕಿ.

*

ಬೀಚನಹಳ್ಳಿ
14 ಜುಲೈ 1974

ಮೇಷ್ಟ್ರಿಗೂ ಭದ್ರಮ್ಮನಿಗೂ,

ಭದ್ರಮ್ಮ, ಇದನ್ನು ಜೋರಾಗಿ ಓದು. ಏನನ್ನೂ ಬಿಡಬೇಡ.

ಮೇಷ್ಟ್ರೇ, ನನಗೆ ಕೋಪ ಬಂದಿರಲಿಲ್ಲ. ನಿಮ್ಮ ಮಾತು ಮೀರಿದ್ದೆ. ಹೊಸ ಮರಕ್ಕೆ ಕೊಂಬೆ ಕಟ್ಟುವಾಗ ಗೋಣಿ ಜಾರಿತು, ತಾಯಿಜೇಡ ನನ್ನ ಬಲಗೈಗೆ ಕಚ್ಚಿತು. ನೀವು ಬೈಯುತ್ತೀರೆಂದು ಬರೆಯಲಿಲ್ಲ. ಎಡಗೈಯಲ್ಲಿ ನಾಲ್ಕು ಸಾಲು ಹಾಕಿದೆ. ಅಕ್ಷರ ನೋಡಿದ ಕೂಡಲೇ ನಿಮಗೆ ತಿಳಿದೀತು, ಕೇಳುವಿರಿ ಎಂದು ಒಳಗೊಳಗೇ ಕಾದೆ. ನೀವು ಕೇಳಿದ್ದು ಮರಿಗಳ ವಿಷಯ. ಅಷ್ಟೇ ಏನು ಇವರಿಗೆ, ಜೇಡ ಚೆನ್ನಾಗಿದ್ದರೆ ಸಾಕು, ಎನ್ನಿಸಿ ಬಹಳ ಬೇಜಾರಾಯಿತು. ಭದ್ರಮ್ಮನ ಸಾಲುಗಳನ್ನು ಓದಿದ ದಿನ ಡಿಸ್ಪೆನ್ಸರಿಯ ಬಾಗಿಲು ಹಾಕಿಕೊಂಡು ಅತ್ತೆ, ಆಮೇಲೆ ನಕ್ಕೆ. ಕಣ್ಣಿಲ್ಲದವರಿಗೆ ಚಿತ್ರ ತಿದ್ದಿ ಕಳಿಸಿ ಎಂದವಳು ನಾನು.

ಕಚ್ಚಿದ್ದರ ಬಗ್ಗೆ ನಿಮಗೆ ತಿಳಿಯಬೇಕಲ್ಲವೇ? ಹಲ್ಲು ಇಳಿದಾಗ ಹೊಲಿಗೆ ಸೂಜಿ ಚುಚ್ಚಿದಷ್ಟೇ ನೋವು. ಸ್ವಲ್ಪ ಹೊತ್ತಿನ ಮೇಲೆ ತೋಳು ಕಾದ ಕಬ್ಬಿಣವಾಯಿತು. ಮಾರನೆಯ ದಿನ ದವಡೆ, ಕುತ್ತಿಗೆ, ಬೆನ್ನು. ಚೆನ್ನನಿಗೆ ನಾನು ಮಾಡಿದ್ದನ್ನೆಲ್ಲ ಕಾಳಿ ನನಗೆ ಮಾಡಿದಳು. ಬಿಸಿಬಟ್ಟೆ ಇಟ್ಟಳು, ಕಾಲು ತಿಕ್ಕಿದಳು, ಗಂಜಿ ಕುಡಿಸಿದಳು. ಇಂಜೆಕ್ಷನ್ನನ್ನು ಡಾಕ್ಟರು ಬಂದು ಕೊಟ್ಟರು. ಜೂನ್ ಮುಗಿಯುವವರೆಗೂ ಬಲಗೈ ಪೆನ್ನು ಹಿಡಿಯಲಿಲ್ಲ. ಈಗ ಪೂರ್ತಿ ಸರಿಹೋಗಿದೆ, ಈ ಕಾಗದ ಅದರಿಂದಲೇ ಬರೆದದ್ದು.

ನೀರು ಬಂತು, ಮೇಷ್ಟ್ರೇ. ಹಳೆಯ ಹಾಡಿಯ ಒಲೆಕಲ್ಲುಗಳು ಮೊದಲು ಹೋದವು. ಕಾಳಿ ದಿಣ್ಣೆಯ ಮೇಲೆ ನಿಂತು ನೋಡುತ್ತಿದ್ದಳು, ನಾನು ಅವಳ ಪಕ್ಕದಲ್ಲಿದ್ದೆ. ಮತ್ತಿಮರ ಎದೆಮಟ್ಟದ ನೀರಿನಲ್ಲಿ ಇನ್ನೂ ನಿಂತಿದೆ, ಕುಯ್ದ ಜಾಗ ಬೆಳ್ಳಗೆ ಕಾಣುತ್ತದೆ. ಮೇಲಿನ ಕಾಡಿನಲ್ಲಿ ಹುಲಿಜೇಡ ಪೊಟರೆಯ ಬಾಯಿಗೆ ಹೊಸ ಪರದೆ ನೇಯ್ದಿದೆ. ಮೊದಲಿನದಕ್ಕಿಂತ ದಪ್ಪ.

ದಸರಾ ರಜೆಗೆ ಬನ್ನಿ. ಭದ್ರಮ್ಮನನ್ನು ಕರೆತನ್ನಿ. ಮರದ ಮುಂದೆ ನಿಮ್ಮನ್ನು ಕೂರಿಸಿ, ಅದು ಮಾಡುವುದನ್ನೆಲ್ಲ ಆಗಿಂದಾಗ ಹೇಳುತ್ತೇನೆ.

ಚಾಮುಂಡಮ್ಮ

*

ಸಾಲಿಗ್ರಾಮ
30 ಅಕ್ಟೋಬರ್ 1974

ಪ್ರೀತಿಯ ಚಾಮುಂಡಮ್ಮ,

ಸುಖವಾಗಿ ಊರು ಸೇರಿದೆವು. ಬಿಳಿಕೆರೆಯಲ್ಲಿ ಬಸ್ಸು ಕೆಟ್ಟು ನಿಂತಿತ್ತು. ನಿಮ್ಮ ಮನೆ ವಿಚಾರಿಸಿಕೊಂಡು ಹೋದಾಗ ನಿಮ್ಮ ತಾಯಿ ಒಳಗೆ ಕರೆದು ಊಟ ಹಾಕಿದರು. ಅವರೆದುರು ನಿಮ್ಮ ಕೈಯ ವಿಷಯ ನಾನು ಎತ್ತಲಿಲ್ಲ.

ಆ ಸಂಜೆ ಮರದ ಮುಂದೆ ನೀವು ಹೇಳುತ್ತಾ ಹೋದಿರಿ, ನಾನು ಕೇಳುತ್ತಾ ಕೂತೆ. ಈಗ ಪೊಟರೆಯ ಬಾಯಿಗೆ ಬಂತು, ಈಗ ಬಲಗಡೆಯ ಎರಡನೇ ಕಾಲು ಎತ್ತಿತು, ಈಗ ಮರಿಯೊಂದು ಅದರಡಿ ನುಸುಳಿತು ಎಂದು ಹೇಳುವಾಗ ನಿಮ್ಮ ದನಿ ಎಷ್ಟು ತಗ್ಗಿತ್ತೆಂದರೆ, ಅದು ಎಲ್ಲಿದೆ ಎಂಬುದು ನಿಮ್ಮ ದನಿಯಿಂದಲೇ ನನಗೆ ತಿಳಿಯುತ್ತಿತ್ತು. ಅಲ್ಲೇ ಹೇಳಬೇಕಿದ್ದ ಈ ಮಾತನ್ನು ಊರಿಗೆ ಬಂದು ಬರೆಸುತ್ತಿದ್ದೇನೆ. ಮೆಚ್ಚಲಿಲ್ಲವೆಂದು ಮತ್ತೆ ತಿಳಿದುಕೊಳ್ಳಬೇಡಿ.

ನೀವು ಬರೆಯದೆ ಬಿಟ್ಟದ್ದನ್ನು ಚೆನ್ನ ಹೇಳಿದ. ಗೋಣಿ ಜಾರಿತು ಎಂದಷ್ಟೇ ಬರೆದಿದ್ದಿರಿ. ಕೊಂಬೆಯ ತೆರೆದ ಬಾಯಿ ಅವನ ಮುಖದ ಮೇಲೇ ಇತ್ತಂತೆ. ಹೊತ್ತಿದ್ದ ಭಾರ ಬಿಡುವಂತಿರಲಿಲ್ಲ, ತಲೆ ತಿರುಗಿಸುವಂತಿರಲಿಲ್ಲ. ತಾಯಿ ಇಳಿದು ಬರುತ್ತಿತ್ತು. ನೀವು ಬರಿಯ ಅಂಗೈಯನ್ನು ಅದಕ್ಕೆ ಅಡ್ಡ ಒತ್ತಿ ಹಿಡಿದಿರಂತೆ. ಕಚ್ಚಿದ ಮೇಲೂ ಕೈ ತೆಗೆಯಲಿಲ್ಲವಂತೆ. ಉಳಿದವರು ಹಗ್ಗ ಬಿಗಿದು, ಗೋಣಿ ತುರುಕಿ, ಚೆನ್ನ ಸರಿದ ಮೇಲೆಯೇ ಕೂತಿರಂತೆ. ಅಧಿಕಾರವಿಲ್ಲ ಎಂದು ನಾನು ಬರೆಸಿದ್ದು ಇಂಥವರಿಗೆ.

ಇನ್ನು, ನಿಮ್ಮ ಬೆನ್ನ ಹಿಂದೆ ನಡೆದದ್ದೊಂದನ್ನು ಹೇಳಬೇಕು. ಭದ್ರಮ್ಮ ಬರೆಯುತ್ತಲೇ ಹುಬ್ಬು ಗಂಟಿಕ್ಕಿರಬೇಕು, ಅವಳಿಗೂ ಇದು ಹೊಸದು. ನೀವಿಬ್ಬರೂ ಕಾಳಿಯ ಗುಡಿಸಲಿಗೆ ಟೀ ತರಲು ಹೋದಿರಲ್ಲ, ಆಗ ನಾನು ಚೆನ್ನನನ್ನು, ನನ್ನ ಬೆರಳನ್ನು ಆ ಪರದೆಗೆ ತಾಗಿಸುತ್ತೀಯಾ ಎಂದು ಕೇಳಿದೆ. ಅವನು ಬೇಡವೆಂದ. ಮತ್ತೆ ಕೇಳಿದೆ. ಅವನು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಎಳೆದರೆ ತಟ್ಟನೆ ಹಿಂದೆ ಬರುವಂತೆ ನಿಂತು, ನನ್ನ ಬೆರಳನ್ನು ಮುಂದೆ ನೀಡಿದ.

ಪರದೆ ಗಟ್ಟಿಯಾಗಿತ್ತು, ಹಳೆಯ ಪಂಚೆಯ ಅಂಚಿನಂತೆ. ಅದು ಸ್ವಲ್ಪ ನಡುಗಿತು. ಆಮೇಲೆ ನನ್ನ ಉಗುರಿನ ಪಕ್ಕದಲ್ಲಿ ಏನೋ ತಗುಲಿತು. ಮೃದುವಾಗಿತ್ತು, ಒಣಗಿತ್ತು, ತೂಕವೇ ಇರಲಿಲ್ಲ. ಒಮ್ಮೆ ತಗುಲಿತು. ಸ್ವಲ್ಪ ಮೇಲೆ ಇನ್ನೊಮ್ಮೆ. ಸೀಸೆಯಲ್ಲಿದ್ದದ್ದು ಹೀಗಿರಲಿಲ್ಲ, ಚಾಮುಂಡಮ್ಮ. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಅದು ಬೆರಳ ತುದಿಯಲ್ಲೂ ಜೇಡಕ್ಕೆ ಕೇಳಿಸಿರಬೇಕು. ಕಾದೆ. ಇನ್ನು ಏನೂ ತಗುಲಲಿಲ್ಲ.

ಚೆನ್ನ ನನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಂದ. ಏನಾಯಿತು ಎಂದು ಕೇಳಿದೆ.

"ಮುಟ್ಟಿ ನೋಡ್ತು ಕಣ್ರೀ" ಅಂದ. "ಇರ್ಲಿ ಬುಡು ಅಂತ ಒಳೀಕೆ ಓಯ್ತು."

ಸಿದ್ದಮಲ್ಲಪ್ಪ